ಅಡಿಯುದ್ದದ ಕೊಳಲು

ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ಗಾದೆ ಕಟ್ಟಿದ ಹಿರಿಯರು ಪಿಕೊಲೊ ಎಂಬ ವಾದ್ಯವನ್ನು ಕಂಡಿರಲಾರರು. ಕಂಡಿದ್ದರೆ ಆ ಗಾದೆಗೆ ಇನ್ನೊಂದು ಸಾಲನ್ನು ಸೇರಿಸುತ್ತಿದ್ದರು: ಮೂರ್ತಿ ಚಿಕ್ಕದಾದಷ್ಟೂ ಅದನ್ನು ಆರಿಸುವ ಕಷ್ಟ ದೊಡ್ಡದು! ಸೀರೆಯಾದರೆ ಬಿಡಿಸಿ ನೋಡಬಹುದು. ಹಲಸಿನ ಹಣ್ಣಾದರೆ ತಟ್ಟಿ ನೋಡಬಹುದು. ಮನೆಯಾದರೆ ನಾಲ್ಕು ಸಲ ಸುತ್ತಿ ಬಂದು ನೆರೆಹೊರೆಯವರನ್ನು ವಿಚಾರಿಸಬಹುದು. ಅಂಗಿಯ ತೋಳಿನೊಳಗೆ ಅಡಗಿಹೋಗಬಲ್ಲ ಒಂದು ಕೊಳವೆಯನ್ನು ಎಲ್ಲಿ ಬಿಡಿಸುವುದು, ಎಲ್ಲಿ ತಟ್ಟುವುದು, ಯಾರನ್ನು ವಿಚಾರಿಸುವುದು?

ಅಮೆರಿಕದ ಬಾಸ್ಟನ್ ನಗರದ ಸಮೀಪದಲ್ಲಿ ನೆಲೆಸಿರುವ ಒಂದು ಕನ್ನಡ ಕುಟುಂಬಕ್ಕೆ ಒಂದು ಶರತ್ಕಾಲದಲ್ಲಿ ಈ ಪ್ರಶ್ನೆಗಳು ಎದುರಾದವು. ಮನೆಯ ಮಗಳಿಗೆ ಆಗ ಹದಿನಾರು ವರ್ಷ. ಆರು ವರ್ಷಗಳಿಂದ ಶಾಲೆಯ ಬ್ಯಾಂಡಿನಲ್ಲಿ ಫ್ಲೂಟ್ ನುಡಿಸುತ್ತಿದ್ದ ಆಕೆಗೆ ಆ ವರ್ಷ ಊರಿನ ಕಿರಿಯರ ವಾದ್ಯವೃಂದದಲ್ಲಿ ಪಿಕೊಲೊ ನುಡಿಸುವ ಸ್ಥಾನ ದೊರೆತಿತ್ತು. ಶಾಲೆಯವರು ಕೊಟ್ಟಿದ್ದ ವಾದ್ಯವು ಎಷ್ಟೋ ಮಕ್ಕಳ ಕೈಗಳನ್ನು ದಾಟಿ ಬಂದುದು. ಅದರ ಕೀಲಿಗಳ ಕೆಳಗಿನ ಮೆತ್ತೆಗಳು ಸವೆದು, ಊದಿದ ಉಸಿರಿನ ಅರ್ಧಭಾಗ ದಾರಿಯಲ್ಲಿಯೇ ಸೋರಿಹೋಗುತ್ತಿತ್ತು. ಹೊಸದೊಂದನ್ನು ಕೊಳ್ಳಬೇಕೆಂದು ತಂದೆ ನಿಶ್ಚಯಿಸಿದರು. ಆ ಹೊತ್ತಿಗೆ ಸರಿಯಾಗಿ, ಆರು ತಿಂಗಳು ಇದ್ದು ಹೋಗಲೆಂದು ಮೈಸೂರಿನಿಂದ ತಾತ ಬಂದಿಳಿದರು.

ತಾತ ಸಾಮಾನ್ಯರಲ್ಲ. ಮೈಸೂರಿನಲ್ಲಿ ಪೊಲೀಸ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸಿ ನಿವೃತ್ತರಾದವರು. ಎಷ್ಟೋ ದಸರೆಗಳಲ್ಲಿ ಸಮವಸ್ತ್ರ ಧರಿಸಿ, ಬಿಸಿಲಿನಲ್ಲಿ ಹೆಜ್ಜೆ ಹಾಕುತ್ತ, ಹಿಂದೆ ಡ್ರಮ್ಮು, ಪಕ್ಕದಲ್ಲಿ ತುತ್ತೂರಿಗಳ ನಡುವೆ ಬಾಳಿದವರು. ‘ತಾತ ಬಂದರಲ್ಲ, ಇನ್ನು ಚಿಂತೆಯಿಲ್ಲ’ ಎಂದು ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ತಾತನೊಬ್ಬರು ಮಾತ್ರ ನಿಟ್ಟುಸಿರು ಬಿಡಲಿಲ್ಲ. ಅದರ ಕಾರಣ ಆಗ ಯಾರಿಗೂ ತಿಳಿಯಲಿಲ್ಲ.

ಪಿಕೊಲೊ ಎಂದರೆ ಇಟಲಿಯ ಭಾಷೆಯಲ್ಲಿ ‘ಚಿಕ್ಕದು’ ಎಂದಷ್ಟೇ ಅರ್ಥ. ವಿನೋದವೆಂದರೆ, ಇಟಲಿಯವರು ಅದನ್ನು ಆ ಹೆಸರಿನಿಂದ ಕರೆಯದೆ ‘ಒಟ್ಟಾವೀನೊ’ ಎನ್ನುತ್ತಾರೆ. ಫ್ಲೂಟ್ ಸುಮಾರು 67 ಸೆಂಟಿಮೀಟರ್ ಉದ್ದವಿದ್ದರೆ ಇದು ಸುಮಾರು 32 ಸೆಂಟಿಮೀಟರ್, ಎಂದರೆ ಒಂದಡಿಗಿಂತ ತುಸು ಹೆಚ್ಚು. ಅರ್ಧ ಉದ್ದದ ಕೊಳವೆಯಾದುದರಿಂದ ಫ್ಲೂಟಿಗಿಂತ ಒಂದು ಸ್ಥಾಯಿ ಮೇಲೆ ನುಡಿಯುತ್ತದೆ. ಇದರ ತುತ್ತತುದಿಯ ಸ್ವರವೂ ಪಿಯಾನೊದ ಬಲತುದಿಯ ಕೊನೆಯ ಮಣೆಯ ಸ್ವರವೂ ಒಂದೇ. ಸೆಕೆಂಡಿಗೆ 4,186 ಕಂಪನಗಳು. ನೂರು ಜನ ವಾದಕರು ಏಕಕಾಲದಲ್ಲಿ ನುಡಿಸುತ್ತಿರುವಾಗಲೂ ಈ ಒಂದು ಕೊಳವೆಯ ದನಿ ಎಲ್ಲರ ತಲೆಯ ಮೇಲಿನಿಂದ ಹಾರಿ ಸಭಾಂಗಣದ ಕೊನೆಯ ಸಾಲನ್ನು ಮುಟ್ಟಬಲ್ಲುದು. ಬೀಥೋವನ್ 1808ರಲ್ಲಿ ತನ್ನ ಐದನೆಯ ಸಿಂಫನಿಯನ್ನು ಮೊದಲ ಬಾರಿಗೆ ಕೇಳಿಸಿದಾಗ, ಅದರ ಕೊನೆಯ ಭಾಗದ ವಿಜಯೋತ್ಸವಕ್ಕೆ ಈ ಚಿಕ್ಕ ಕೊಳಲನ್ನೂ ಕರೆದಿದ್ದನು. ಅಮೆರಿಕದವರಿಗಂತೂ ಜಾನ್ ಫಿಲಿಪ್ ಸೂಸಾ 1896ರಲ್ಲಿ ರಚಿಸಿದ ‘ಸ್ಟಾರ್ಸ್ ಅಂಡ್ ಸ್ಟ್ರೈಪ್ಸ್ ಫಾರೆವರ್’ ಎಂಬ ನಡೆಗೀತದಲ್ಲಿ ಪಿಕೊಲೊ ಕುಣಿಯದಿದ್ದರೆ ಸ್ವಾತಂತ್ರ್ಯದ ಹಬ್ಬವೇ ಸಪ್ಪೆ. 1987ರಲ್ಲಿ ಅದು ಶಾಸನದ ಮೂಲಕ ಆ ದೇಶದ ರಾಷ್ಟ್ರೀಯ ನಡೆಗೀತವೂ ಆಯಿತು.

ಇಂತಹ ದನಿಯುಳ್ಳ ವಾದ್ಯ ಕೈಗೆ ಸಿಕ್ಕಿದರೆ, ಅದರಲ್ಲಿನ ಒಂದು ಕೂದಲೆಳೆಯ ದೋಷವೂ ಊರಿಗೆಲ್ಲ ಡಂಗುರ. ಗುಂಪಿನಲ್ಲಿ ಹಿಂದೆ ಕುಳಿತ ಪಿಟೀಲಿನವನು ಅಪಸ್ವರ ನುಡಿಸಿದರೆ ನೆರೆಯವನಿಗೆ ಮಾತ್ರ ತಿಳಿಯುತ್ತದೆ. ಪಿಕೊಲೊದವಳು ನುಡಿಸಿದರೆ ಬಾಗಿಲಲ್ಲಿ ಟಿಕೆಟ್ ಹರಿಯುವವನಿಗೂ ತಿಳಿಯುತ್ತದೆ. ಆದುದರಿಂದಲೇ ಆಯ್ಕೆಯಲ್ಲಿ ಅಷ್ಟು ಎಚ್ಚರ.

ಬಾಸ್ಟನ್ ಸೀಮೆಗೆ ಫ್ಲೂಟಿನ ತವರೆಂಬ ಹೆಸರು ಬಹಳ ಕಾಲದಿಂದ ಉಂಟು. ಹೇನ್ಸ್ ಎಂಬ ಕುಶಲಿಗನ ಕಾರ್ಖಾನೆ 1888ರಲ್ಲಿಯೂ, ಪೊವೆಲ್ ಎಂಬವನದು 1927ರಲ್ಲಿಯೂ ಅಲ್ಲಿಯೇ ಹುಟ್ಟಿದವು. ವಾದ್ಯಗಳ ವ್ಯಾಪಾರಿಗಳು ಮೂರು ನಾಲ್ಕು ವಾದ್ಯಗಳನ್ನು ಕೆಲವು ದಿನಗಳ ಮಟ್ಟಿಗೆ ಮನೆಗೇ ಕಳುಹಿಸಿ, ಒಪ್ಪಿಗೆಯಾಗದವನ್ನು ಹಿಂದಕ್ಕೆ ಪಡೆಯುವ ಪದ್ಧತಿಯೂ ಆ ದೇಶದಲ್ಲಿ ಉಂಟು. ಹೀಗಾಗಿ ಒಂದು ಶುಕ್ರವಾರದ ಸಂಜೆ ಊಟದ ಮೇಜಿನ ಮೇಲೆ, ಸಾರಿನ ಪಾತ್ರೆಯನ್ನು ಬದಿಗೆ ಸರಿಸಿ, ಕನ್ನಡಕದ ಪೆಟ್ಟಿಗೆಗಿಂತ ತುಸುವೇ ದೊಡ್ಡವಾದ ಮೂರು ಪೆಟ್ಟಿಗೆಗಳನ್ನು ಇಟ್ಟುದಾಯಿತು. ಮೊದಲನೆಯದು ಹೊಚ್ಚ ಹೊಸದು, ಇಡಿಯಾಗಿ ಕರಿಯ ಮರದ್ದು. ಬೆಲೆ ಐದು ಸಾವಿರ ಡಾಲರು. ಎರಡನೆಯದೂ ಮರದ್ದೇ, ಆದರೆ ಇನ್ನೊಬ್ಬರು ನುಡಿಸಿ ಬಿಟ್ಟದ್ದು, ಮೂರು ಸಾವಿರ. ಮೂರನೆಯದರ ಒಡಲು ಗಟ್ಟಿ ಪ್ಲಾಸ್ಟಿಕ್ಕಿನದು, ತಲೆ ಬೆಳ್ಳಿಯ ಲೇಪದ ಲೋಹದ್ದು. ಒಂದು ಸಾವಿರದ ಆಸುಪಾಸು. ಇವುಗಳ ಜೊತೆಗೆ ನಾಲ್ಕನೆಯದಾಗಿ ಒಂದು ಪುಟ್ಟ ಮರದ ತುಂಡು ಬಟ್ಟೆಯಲ್ಲಿ ಸುತ್ತಿಕೊಂಡು ಬಂದಿತ್ತು. ಅದು ಬಿಡಿಯಾಗಿ ಮಾರುವ ಹೆಡ್‌ಜಾಯಿಂಟ್, ಎಂದರೆ ತಲೆಯ ತುಂಡು. ಮೂರನೆಯ ವಾದ್ಯದ ಒಡಲಿಗೆ ಹೊಂದುವಂತಹುದು.

ತಂದೆ ಇಂಜಿನಿಯರು. ಯಾವುದನ್ನೇ ಕೊಳ್ಳುವಾಗಲೂ ಪಟ್ಟಿ ಮಾಡದೆ ಕೊಳ್ಳುವವರಲ್ಲ. ಬೆಲೆ, ತೂಕ, ವಸ್ತು, ತಯಾರಕರ ಕೀರ್ತಿ ಎಲ್ಲವನ್ನೂ ಬರೆದು, ಅಂಕಗಳನ್ನು ಹಾಕಿ, ಕೂಡಿಸಿ, ಮೊದಲನೆಯ ವಾದ್ಯವೇ ಶ್ರೇಷ್ಠವೆಂದು ಸಾರಿದರು. ‘ಒಳ್ಳೆಯದಕ್ಕೆ ಬೆಲೆ ಹೆಚ್ಚು; ಬೆಲೆ ಹೆಚ್ಚಾದುದರಿಂದ ಒಳ್ಳೆಯದು’ ಎಂಬುದು ಅವರ ತರ್ಕದ ಸಾರ. ಪರದೇಶದಲ್ಲಿ ದುಡಿಯುವ ತಂದೆ ತನ್ನ ಪ್ರೀತಿಯನ್ನು ಅಳೆಯಲು ಹಲವು ವೇಳೆ ಹಣವನ್ನಲ್ಲದೆ ಬೇರೆ ಅಳತೆಗೋಲನ್ನು ಕಾಣನು. ಅದನ್ನು ತಪ್ಪೆನ್ನುವುದೂ ಕಷ್ಟ.

ತಾತ ಮಾತನಾಡದೆ ಒಂದೊಂದನ್ನೂ ಕೈಗೆತ್ತಿಕೊಂಡರು. ಮೊದಲು ಕಣ್ಣು. ಮರದ ಎಳೆ ಉದ್ದಕ್ಕೆ ನೇರವಾಗಿ ಹರಿದಿದೆಯೆ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅನಂತರ ಬೆರಳು. ತಲೆ ಮತ್ತು ಒಡಲು ಕೂಡುವೆಡೆಯನ್ನು ತಿರುಗಿಸಿ ನೋಡಿದರು. ಅಲುಗಾಡಲೂ ಕೂಡದು, ಬಲವಂತ ಮಾಡಲೂ ಕೂಡದು. ಕೊನೆಗೆ ಮೂಗು! ಕರಿಯ ಮರವನ್ನು ಮೂಸಿ, ‘ಇದು ನನ್ನ ಕ್ಲಾರಿನೆಟ್ಟಿನ ಮರವೇ ಕಣಮ್ಮ. ಬೀಟೆಯ ಬಳಗ’ ಎಂದರು. ತಾತನ ಮೂಗು ಸುಳ್ಳಾಡಲಿಲ್ಲ. ಗ್ರೆನಡಿಲ್ಲಾ ಎಂದು ಕರೆಯುವ ಆ ಮರ ಬೆಳೆಯುವುದು ಆಫ್ರಿಕದ ಟಾಂಜಾನಿಯ, ಮೊಜಾಂಬಿಕ್ ಮೊದಲಾದ ನಾಡುಗಳಲ್ಲಿ. ಸಸ್ಯಶಾಸ್ತ್ರದಲ್ಲಿ ಅದೂ, ಮೈಸೂರಿನ ಕುಶಲಿಗರು ಚಿತ್ರ ಕೂಡಿಸುವ ಮಲೆನಾಡಿನ ಬೀಟೆಯೂ ಒಂದೇ ಡಾಲ್ಬರ್ಜಿಯ ಕುಲಕ್ಕೆ ಸೇರಿದವು. ಮಿತಿಮೀರಿ ಕಡಿದುದರಿಂದ ಈ ಕುಲವೆಲ್ಲ ಅಪಾಯಕ್ಕೆ ಸಿಕ್ಕಿ, 2017ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ಬಂದಿತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು.

ಎರಡನೆಯ ವಾದ್ಯದ ತಲೆಯ ಮೇಲೆ ತಾತನ ಉಗುರು ಒಂದೆಡೆ ನಿಂತಿತು. ಕಣ್ಣಿಗೆ ಕಾಣದ ಸೀಳು. ಯಾರೋ ಜಾಣತನದಿಂದ ತುಂಬಿ ಮೆರುಗು ಕೊಟ್ಟಿದ್ದರು. ತುಂಬಿದ ಸೀಳಿನ ವಾದ್ಯಗಳು ಎಷ್ಟೋ ವರ್ಷ ನುಡಿಯುವುದುಂಟು. ಆದರೆ ಹೇಳದೆ ಮಾರಿದ ಸೀಳನ್ನು ತಾತ ಕ್ಷಮಿಸಲಿಲ್ಲ. ಆ ಪೆಟ್ಟಿಗೆ ಮುಚ್ಚಿತು.

ಮರುದಿನ ನುಡಿಸಿ ನೋಡುವ ಪರೀಕ್ಷೆ. ಪಿಕೊಲೊವನ್ನು ನುಡಿಸುವವರ ಕಿವಿ ವಾದ್ಯಕ್ಕೆ ಅತಿ ಸಮೀಪ. ಅವರು ಕೇಳುವುದೇ ಬೇರೆ, ಸಭೆ ಕೇಳುವುದೇ ಬೇರೆ. ಆದುದರಿಂದ ದೂರದಲ್ಲಿ ಒಬ್ಬ ಕೇಳುಗನನ್ನು ಕೂರಿಸುವುದು ವಾಡಿಕೆ. ಮನೆಯ ಕೆಳಗಿನ ಉದ್ದನೆಯ ನೆಲಮಾಳಿಗೆಯ ಒಂದು ತುದಿಯಲ್ಲಿ ಮಗಳು ನಿಂತಳು; ಇನ್ನೊಂದು ತುದಿಯಲ್ಲಿ, ಬಟ್ಟೆ ಒಗೆಯುವ ಯಂತ್ರದ ಪಕ್ಕದಲ್ಲಿ, ತಾತನಿಗೆ ಕುರ್ಚಿ ಹಾಕಿದರು. ಸೊಸೆ ಒಣಗಿದ ಬಟ್ಟೆ ಮಡಿಸುತ್ತ ಮೆಟ್ಟಿಲ ಮೇಲೆ ಕುಳಿತಿದ್ದರು.

ಗಟ್ಟಿಯಾಗಿ ನುಡಿಸಿದಾಗ ಮೂರು ತಲೆಗಳೂ ಚೆನ್ನಾಗಿಯೇ ನುಡಿದವು. ತಾತ ಪ್ರತಿಯೊಂದಕ್ಕೂ ‘ಭೇಷ್’ ಎಂದರು. ಅನಂತರ ಮಗಳು ಮೇಲಿನ ಸ್ಥಾಯಿಯ ಸ್ವರಗಳನ್ನು ಆದಷ್ಟೂ ಮೆತ್ತಗೆ ನುಡಿಸಲು ತೊಡಗಿದಳು. ಪಿಕೊಲೊದಲ್ಲಿ ಅದಕ್ಕಿಂತ ಕಠಿಣವಾದುದಿಲ್ಲ. ಕಿರುಚುವುದು ಅದರ ಸ್ವಭಾವ, ಪಿಸುಗುಟ್ಟುವುದು ಸಂಸ್ಕಾರ. ‘ಭೇಷ್’ ಎಂದರು ತಾತ. ಮುಂದಿನ ಸ್ವರಕ್ಕೆ ಆಕೆ ತುಟಿಯನ್ನು ಅಣಿಗೊಳಿಸಿ ಊದಿದಳು. ಸ್ವರ ಹುಟ್ಟಲೇ ಇಲ್ಲ, ಬರಿಯ ಗಾಳಿ ಹೋಯಿತು.

‘ಭೇಷ್, ಇದು ಇನ್ನೂ ಚೆನ್ನ’ ಎಂದರು ತಾತ.

ಸೊಸೆಯ ಕೈಯ ಬಟ್ಟೆ ಹಾಗೆಯೇ ನಿಂತಿತು. ಹುಡುಗಿ ವಾದ್ಯವನ್ನು ಇಳಿಸಿದಳು. ಆ ಮೌನದಿಂದಲೇ ತಾತನಿಗೆ ಎಲ್ಲವೂ ಅರ್ಥವಾಯಿತು.

‘ಗೊತ್ತಾಯಿತೇನಮ್ಮ?’ ಎಂದರು. ‘ನಾಲ್ಕು ವರ್ಷವಾಯಿತು. ಮೇಲಿನ ಸ್ವರಗಳು ಒಂದೊಂದೇ ನನ್ನನ್ನು ಬಿಟ್ಟು ಹೋದವು. ಗಟ್ಟಿಯಾಗಿ ಊದಿದರೆ ಏನೋ ಚುಚ್ಚಿದ ಹಾಗೆ ಆಗುತ್ತೆ. ಮೆತ್ತಗೆ ಊದಿದರೆ ಏನೂ ಇಲ್ಲ. ನಿಮ್ಮಪ್ಪನ ಹತ್ತಿರ ಹೇಳಬೇಡ. ಬ್ಯಾಂಡಿನವನಿಗೆ ಕಿವಿ ಕೇಳಿಸೋದಿಲ್ಲ ಅಂದರೆ ನಗುತ್ತಾರೆ.’

ಇದರಲ್ಲಿ ನಗುವಂತಹುದು ಏನೂ ಇಲ್ಲ. ದೊಡ್ಡ ಸದ್ದಿನ ನಡುವೆ ವರ್ಷಗಟ್ಟಲೆ ದುಡಿದವರ ಕಿವಿಯಲ್ಲಿ ಮೊದಲು ಸೋಲುವುದು ಸೆಕೆಂಡಿಗೆ ನಾಲ್ಕು ಸಾವಿರ ಕಂಪನಗಳ ಆಸುಪಾಸಿನ ಶಕ್ತಿ. ಪಿಕೊಲೊದ ತುತ್ತತುದಿಯ ಸ್ವರಗಳು ವಾಸಿಸುವುದೂ ಅಲ್ಲಿಯೇ. ಹೋದ ಆ ಶಕ್ತಿ ಮತ್ತೆ ಬಾರದು. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಎಂಬುದು ಅಮೆರಿಕದ ಆರೋಗ್ಯತಜ್ಞರ ಲೆಕ್ಕ. ಮೂರು ಡೆಸಿಬಲ್ ಏರಿದಂತೆಲ್ಲ ಅವಧಿ ಅರ್ಧಕ್ಕೆ ಇಳಿಯುತ್ತದೆ. ನೂರಕ್ಕೆ ಬಂದಾಗ ಉಳಿಯುವುದು ಹದಿನೈದೇ ನಿಮಿಷ. ಪಿಕೊಲೊ ನುಡಿಸುವವರ ಕಿವಿಯ ಬಳಿ ನೂರನ್ನು ದಾಟುವುದು ಅಪರೂಪವಲ್ಲ. ತಾತನ ಯೌವನದಲ್ಲಿ ಈ ಲೆಕ್ಕವನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಸೊಸೆ ಎದ್ದು ಬಂದು, ‘ಮಾವ, ಟೀವಿಯ ಸದ್ದು ಅಷ್ಟು ಜೋರಾಗಿ ಇಡುತ್ತಿದ್ದಿರಲ್ಲ, ನನಗೆ ಆಗಲೇ ಅನುಮಾನ. ಕೇಳಿದರೆ ಬೇಜಾರಾಗುತ್ತೀರೇನೋ ಅಂತ ಸುಮ್ಮನಿದ್ದೆ’ ಎಂದರು. ತಾತ ನೆಲ ನೋಡುತ್ತ ಕುಳಿತರು. ಹುಡುಗಿ ಏನು ಮಾಡುವುದೆಂದು ತಿಳಿಯದೆ, ‘ಹಾಗಾದರೆ ನೀವು ಹೇಗೆ ಆರಿಸುತ್ತೀರಿ, ತಾತ?’ ಎಂದು ಕೇಳಿದಳು. ಕರುಣೆಯಿಂದ ಕೇಳಿದ ಪ್ರಶ್ನೆಯಲ್ಲ ಅದು; ಕೆಲಸ ಆಗಬೇಕಾದವಳ ಪ್ರಶ್ನೆ. ಬಹುಶಃ ಆ ಕಾರಣದಿಂದಲೇ ತಾತ ತಲೆಯೆತ್ತಿದರು.

‘ಮೇಲಿನದನ್ನು ನೀನು ಆರಿಸಿಕೊ. ನನಗೆ ಕೆಳಗಿನದನ್ನು ಕೇಳಿಸು. ಎಲ್ಲಕ್ಕಿಂತ ಕೆಳಗಿನ ಸ್ವರ. ಮಗು ಮಲಗಿರುವ ಕೋಣೆಯಲ್ಲಿ ನುಡಿಸುವ ಹಾಗೆ.’

ಪಿಕೊಲೊದ ಅತಿ ಕೆಳಗಿನ ಸ್ವರ ಸೆಕೆಂಡಿಗೆ 587 ಕಂಪನಗಳ ‘ಡಿ’. ಎಲ್ಲ ಕೀಲಿಗಳೂ ಮುಚ್ಚಿದಾಗ ಹುಟ್ಟುವುದು. ಎಲ್ಲಿಯಾದರೂ ಒಂದು ಮೆತ್ತೆ ಕೂದಲೆಳೆಯಷ್ಟು ಸೋರಿದರೆ ಅದು ಹುಟ್ಟದು. ಊದುವ ರಂಧ್ರದ ಅಂಚು ಒರಟಾಗಿದ್ದರೆ ಮೊದಲು ಗಾಳಿ, ಆಮೇಲೆ ಸ್ವರ. ವಾದ್ಯದ ಗುಟ್ಟನ್ನೆಲ್ಲ ಒಂದೇ ಸಲಕ್ಕೆ ಬಯಲಿಗಿಡುವ ಸ್ವರ ಅದು. ತಾತನಿಗೆ ಅದು ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಐದು ಸಾವಿರದ ಹೊಸ ವಾದ್ಯದಲ್ಲಿ ಆ ಸ್ವರ ಬಂದಿತು, ಆದರೆ ಒಂದು ಕ್ಷಣ ತಡೆದು ಬಂದಿತು. ಪ್ಲಾಸ್ಟಿಕ್ಕಿನ ಒಡಲಿಗೆ ಲೋಹದ ತಲೆ ಇದ್ದಾಗ ಬೇಗ ಬಂದಿತು, ಆದರೆ ಮೂಗಿನಿಂದ ಮಾತನಾಡಿದಂತೆ. ಅನಂತರ ಹುಡುಗಿ ಲೋಹದ ತಲೆಯನ್ನು ತೆಗೆದು, ಬಟ್ಟೆಯಲ್ಲಿ ಸುತ್ತಿ ಬಂದಿದ್ದ ಮರದ ತುಂಡನ್ನು ಜೋಡಿಸಿ ಊದಿದಳು. ನೆಲಮಾಳಿಗೆಯ ತುದಿಯಲ್ಲಿ ತಾತ ಕಣ್ಣು ಮುಚ್ಚಿದರು. ‘ಇನ್ನೂ ಮೆತ್ತಗೆ’ ಎಂದರು. ಮತ್ತೆ ‘ಇನ್ನೂ ಮೆತ್ತಗೆ’ ಎಂದರು. ಸ್ವರ ತೆಳುವಾಯಿತೇ ಹೊರತು ಹರಿಯಲಿಲ್ಲ. ಈ ಸಲ ತಾತ ‘ಭೇಷ್’ ಎನ್ನಲಿಲ್ಲ, ‘ಇದು’ ಎಂದರು.

ಸಂಜೆ ತಂದೆಯ ಮುಂದೆ ವಾದ ನಡೆಯಿತು. ತಂದೆ ತಮ್ಮ ಪಟ್ಟಿಗೆ ಬೆಂಬಲವನ್ನು ಹುಡುಕಲು ಹೋಗಿ ವಿರುದ್ಧವಾದುದನ್ನೇ ಕಂಡಿದ್ದರು. ಜಾನ್ ಕೋಲ್ಟ್‌ಮನ್ ಎಂಬ ಅಮೆರಿಕದ ವಿಜ್ಞಾನಿ 1971ರಲ್ಲಿ ಬೆಳ್ಳಿ, ತಾಮ್ರ, ಮರಗಳಿಂದ ಮಾಡಿದ ಕೊಳವೆಗಳಿಗೆ ಒಂದೇ ಬಗೆಯ ತಲೆಗಳನ್ನು ಜೋಡಿಸಿ ನುಡಿಸಿ ಕೇಳಿಸಿದಾಗ, ಯಾವುದು ಬೆಳ್ಳಿ ಯಾವುದು ಮರ ಎಂದು ಕೇಳುವವರಿಗೆ ಹೇಳಲಾಗಲಿಲ್ಲ. ‘ಹಾಗಿದ್ದರೆ, ಅಪ್ಪ, ಮರದ ತಲೆ ಏಕೆ? ಬರಿಯ ಭ್ರಮೆ ಅಲ್ಲವೆ?’ ಎಂದರು ತಂದೆ.

‘ಮರಕ್ಕಲ್ಲವಪ್ಪ, ಕೆತ್ತಿದ ಕೈಗೆ ದುಡ್ಡು’ ಎಂದರು ತಾತ.

ಆ ಒಂದು ಮಾತಿನಲ್ಲಿ ವಿಷಯವೆಲ್ಲ ಅಡಗಿದೆ. ವಾದ್ಯದ ಒಡಲು ಮಾಡುವ ಕೆಲಸ ಸ್ವರಗಳನ್ನು ಶ್ರುತಿಯಲ್ಲಿ ಇಡುವುದು. ರಂಧ್ರಗಳು ತಪ್ಪಾದೆಡೆಯಲ್ಲಿದ್ದರೆ ಯಾವ ತಲೆಯೂ ಅದನ್ನು ಸರಿಪಡಿಸದು. ದನಿ ಹುಟ್ಟುವುದು ಮಾತ್ರ ತಲೆಯಲ್ಲಿ. ಅಲ್ಲಿರುವುದು ಕಿರುಬೆರಳಿನ ಉಗುರಿನಷ್ಟು ಒಂದು ರಂಧ್ರ. ಅದರ ಎದುರಂಚಿಗೆ ಉಸಿರು ತಾಗಿ ಸೀಳಿದಾಗ ಸ್ವರ ಹುಟ್ಟುತ್ತದೆ. ಆ ಅಂಚಿನ ಓರೆ, ಒಳಗೋಡೆಯ ಆಳ, ಒಳಬದಿಯನ್ನು ಎಷ್ಟು ಕೆತ್ತಿದೆ ಎಂಬುದು, ತುದಿಯ ಬಿರಡೆ ರಂಧ್ರದಿಂದ ಎಷ್ಟು ದೂರದಲ್ಲಿದೆ ಎಂಬುದು, ಇವೆಲ್ಲ ಮಿಲಿಮೀಟರಿನ ಭಾಗಗಳ ಲೆಕ್ಕ. ಮ್ಯೂನಿಕ್ಕಿನ ಥಿಯೊಬಾಲ್ಡ್ ಬೋಮ್, ಅಕ್ಕಸಾಲಿಗನ ಮಗ, 1832ರಲ್ಲಿ ಫ್ಲೂಟಿನ ಕೀಲಿಗಳನ್ನೂ 1847ರಲ್ಲಿ ಅದರ ಕೊಳವೆಯನ್ನೂ ಹೊಸದಾಗಿ ರೂಪಿಸಿದಾಗ ಫ್ಲೂಟಿನ ಒಡಲು ನೇರವಾಯಿತು, ತಲೆ ಸಪೂರವಾಯಿತು. ಪಿಕೊಲೊ ಮಾತ್ರ ಬಹುಪಾಲು ಹಳೆಯ ಸಂಪ್ರದಾಯದಲ್ಲಿಯೇ ಉಳಿಯಿತು: ತಲೆ ನೇರ, ಒಡಲು ತುದಿಯ ಕಡೆಗೆ ಸಪೂರ. ಅಣ್ಣ ಹೊಸ ಮನೆ ಕಟ್ಟಿಕೊಂಡು ಹೋದರೂ ತಮ್ಮ ಹಳೆಯ ಮನೆಯಲ್ಲಿಯೇ ಸುಖವಾಗಿರುವಂತೆ. ಕಾಲ ಬದಲಾದರೂ ತಲೆಯ ರಂಧ್ರಕ್ಕೆ ಕೊನೆಯ ಗೀರು ಹಾಕುವುದು ಒಳ್ಳೆಯ ಕಾರ್ಖಾನೆಗಳಲ್ಲಿ ಇಂದಿಗೂ ಮನುಷ್ಯನ ಕೈಯೇ.

ಒಡಲು ಪ್ಲಾಸ್ಟಿಕ್ಕಿನದೇ ಆಗಲೆನ್ನುವುದಕ್ಕೂ ತಾತನಲ್ಲಿ ಕಾರಣವಿತ್ತು. ಹುಡುಗಿ ಶಾಲೆಯ ಬ್ಯಾಂಡಿನ ಜೊತೆ ಮೈದಾನದಲ್ಲಿ, ಚಳಿಯಲ್ಲಿ, ತುಂತುರಿನಲ್ಲಿ ನಡೆಯಬೇಕು. ಹೊಸ ಮರದ ವಾದ್ಯ ಹಸುಗೂಸಿನಂತೆ; ಮೊದಲ ವಾರಗಳಲ್ಲಿ ದಿನಕ್ಕೆ ಹದಿನೈದು ನಿಮಿಷಕ್ಕಿಂತ ಹೆಚ್ಚು ನುಡಿಸಿದರೆ, ಇಲ್ಲವೇ ತಣ್ಣಗಿರುವಾಗ ಬಿಸಿಯುಸಿರನ್ನು ಊದಿದರೆ, ಒಳಗೆ ಹಿಗ್ಗಿ ಹೊರಗೆ ಬಿರಿಯುತ್ತದೆ. ಚಳಿಗಾಲದಲ್ಲಿ ಹೀಟರು ಮನೆಯ ಗಾಳಿಯ ತೇವವನ್ನೆಲ್ಲ ಹೀರಿದಾಗಲೂ ಅದೇ ಗತಿ. ‘ಮೈದಾನಕ್ಕೆ ಹೋಗುವಾಗ ಲೋಹದ ತಲೆ, ಸಭೆಗೆ ಹೋಗುವಾಗ ಮರದ ತಲೆ. ನುಡಿಸುವ ಮೊದಲು ಮರದ ತಲೆಯನ್ನು ಕೈಯೊಳಗೆ ಹಿಡಿದು ಬೆಚ್ಚಗೆ ಮಾಡಿಕೊ’ ಎಂದರು. ಒಂದೇ ಒಡಲಿಗೆ ಎರಡು ತಲೆ! ಪುರಾಣದಲ್ಲಾದರೆ ರಾಕ್ಷಸನಾಗುತ್ತಿತ್ತು; ಇಲ್ಲಿ ಗೃಹಸ್ಥನ ಖರ್ಚು ಅರ್ಧಕ್ಕಿಂತಲೂ ಕೆಳಗಿಳಿಯಿತು.

ತಂದೆ ಒಪ್ಪಿದರು. ಆದರೆ ತಾತ ಇನ್ನೊಂದು ಷರತ್ತನ್ನು ಹಾಕಿದರು. ಅದನ್ನು ಹಾಕಬೇಕಾದರೆ ಮಗನ ಮುಂದೆ ತಮ್ಮ ಗುಟ್ಟನ್ನು ಬಿಚ್ಚಲೇಬೇಕಾಗಿತ್ತು. ಸೊಸೆ, ಮೊಮ್ಮಗಳು ಇಬ್ಬರೂ ಉಸಿರು ಹಿಡಿದು ಕುಳಿತರು. ತಾತ ಲೋಟದ ಕಾಫಿಯನ್ನು ಮುಗಿಸಿ, ‘ಉಳಿದ ದುಡ್ಡಿನಲ್ಲಿ ಅವಳ ಕಿವಿಯ ಅಳತೆಗೆ ಸರಿಯಾದ ಬಿರಡೆ ಮಾಡಿಸು. ವಾದ್ಯದವರಿಗೆಂದೇ ಮಾಡುತ್ತಾರಂತೆ. ಬಲಗಿವಿಗಂತೂ ಬೇಕೇ ಬೇಕು. ನನಗೆ ಇದ್ದಿದ್ದರೆ ಇವತ್ತು ಅವಳ ಮೇಲಿನ ಸ್ವರ ನನಗೂ ಕೇಳಿಸುತ್ತಿತ್ತು’ ಎಂದರು.

ಯಾರೂ ನಗಲಿಲ್ಲ. ಮಗ ಬಹಳ ಹೊತ್ತು ಸುಮ್ಮನಿದ್ದು, ಪಟ್ಟಿಯ ಕಾಗದವನ್ನು ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಮರುದಿನ ಎರಡು ಹೆಸರುಗಳಲ್ಲಿ ಕಿವಿಯ ವೈದ್ಯರ ಸಮಯವನ್ನು ಗೊತ್ತುಮಾಡಿದರು: ಒಂದು ಮಗಳದು, ಒಂದು ತಂದೆಯದು.

ತಾತ ಮೈಸೂರಿಗೆ ಹಿಂದಿರುಗುವ ಮೊದಲು ಕಿರಿಯರ ವಾದ್ಯವೃಂದದ ಕಛೇರಿ ನಡೆಯಿತು. ಚೈಕೋವ್‌ಸ್ಕಿಯ ನಾಲ್ಕನೆಯ ಸಿಂಫನಿ, 1878ರಲ್ಲಿ ಮಾಸ್ಕೋದಲ್ಲಿ ಮೊದಲು ಕೇಳಿಬಂದುದು. ಅದರ ಮೂರನೆಯ ಭಾಗದಲ್ಲಿ ಪಿಟೀಲಿನವರೆಲ್ಲ ಕಮಾನನ್ನು ಬಿಟ್ಟು ಬೆರಳಿನಿಂದ ತಂತಿ ಮೀಟುತ್ತಾರೆ. ನಡುವೆ ಊದುವವರ ಸರದಿ ಬಂದಾಗ ಪಿಕೊಲೊ ಕೆಲವೇ ಸೆಕೆಂಡುಗಳ ಕಾಲ ಮಿಂಚಿನಂತೆ ಹಾರಿ ಮಾಯವಾಗುತ್ತದೆ. ಅಷ್ಟು ಹೊತ್ತು ಕೈಕಟ್ಟಿ ಕುಳಿತವರು ಆ ಕೆಲವು ಸೆಕೆಂಡುಗಳಲ್ಲಿ ತಪ್ಪಿದರೆ ತಪ್ಪಿದಂತೆಯೇ. ಹುಡುಗಿ ಮರದ ತಲೆಯನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡು ಕಾಯುತ್ತಿದ್ದಳು.

ನಾಲ್ಕನೆಯ ಸಾಲಿನಲ್ಲಿ ಕಿವಿಯ ಹಿಂದೆ ಹೊಸ ಯಂತ್ರವನ್ನು ಇಟ್ಟುಕೊಂಡ ತಾತ ತೊಡೆಯ ಮೇಲೆ ಬೆರಳಿನಿಂದ ತಾಳ ಎಣಿಸುತ್ತಿದ್ದರು. ಆ ಯಂತ್ರ ಮಾತುಗಳನ್ನು ಮರಳಿ ತಂದಿತ್ತು. ತುತ್ತತುದಿಯ ಸ್ವರಗಳನ್ನು ಪೂರ್ತಿಯಾಗಿ ತಂದಿರಲಿಲ್ಲ. ಎಣಿಕೆ ಮುಗಿಯಿತು. ಹುಡುಗಿಯ ಬೆರಳುಗಳು ಹಾರಿದವು, ನಿಂತವು. ಸೊಸೆ ತಟ್ಟನೆ ತಿರುಗಿ ಮಾವನ ಮುಖ ನೋಡಿದರು.

‘ಬೆರಳು ನೋಡಿದೆನಮ್ಮ’ ಎಂದು ತಾತ ಪಿಸುಗುಟ್ಟಿದರು. ‘ಒಂದೂ ತಪ್ಪಲಿಲ್ಲ.’